ಚೈನ್‌ಸಾ ಕಾರ್ಬ್ಯುರೇಟರ್: ಬದಲಾಯಿಸುವ ಮುನ್ನ ಪರೀಕ್ಷಿಸಿರಿ

ಮಳೆಗಾಲ ಮುಗಿದು ಸೌದೆ, ನಾಟಾ ಹಾಗೂ ಪ್ಯಾಕಿಂಗ್ ಪೆಟ್ಟಿಗೆಯ ಮರದ ಕೆಲಸ ಆರಂಭವಾದೊಡನೆ ರಿಪೇರಿ ಅಂಗಡಿಗಳಿಗೆ ಚೈನ್‌ಸಾಗಳು ಬರತೊಡಗುತ್ತವೆ. ತಂದವರ ಮಾತು ಬಹುತೇಕ ಒಂದೇ: ‘ಕಾರ್ಬ್ಯುರೇಟರ್ ಹೋಗಿದೆ, ಹೊಸದು ಹಾಕಿಕೊಡಿ.’ ಹೊಸದನ್ನು ಹಾಕಿದ ಬಳಿಕವೂ ವಾರದೊಳಗೆ ಅದೇ ದೂರು ಮರಳಿ ಬಂದರೆ ಗ್ರಾಹಕನ ಹಣವೂ ವ್ಯಾಪಾರಿಯ ಹೆಸರೂ ಒಟ್ಟಿಗೇ ಹೋಗುತ್ತವೆ. ಇದಕ್ಕಿಂತಲೂ ಹೆಚ್ಚಿನ ನಷ್ಟ ಇನ್ನೊಂದಿದೆ. ಕಾರಣವನ್ನರಿಯದೆ ಸ್ಕ್ರೂಗಳನ್ನು ತಿರುಗಿಸಿದ ಯಂತ್ರದ ಪಿಸ್ಟನ್ನೇ ಸುಟ್ಟುಹೋಗಬಹುದು. ಆದುದರಿಂದ ಈ ಯಂತ್ರಗಳನ್ನು ಮಾರುವ, ದುರಸ್ತಿ ಮಾಡುವ ಹಾಗೂ ಬಳಸುವ ಸದಸ್ಯರ ಗಮನಕ್ಕೆ ಕೆಲವು ವಿಷಯಗಳನ್ನು ತರಬಯಸುತ್ತೇವೆ.

ಮೋಟಾರ್ ಸೈಕಲ್ಲಿನ ಕಾರ್ಬ್ಯುರೇಟರಿನಲ್ಲಿರುವ ತೇಲುಬುರುಡೆ ಇದರಲ್ಲಿಲ್ಲ. ಯಂತ್ರವನ್ನು ಅಡ್ಡಲಾಗಿ, ತಲೆಕೆಳಗಾಗಿ ಹಿಡಿದರೂ ನಡೆಯಬೇಕಾದುದರಿಂದ ಇಂಧನದ ಅಳತೆಯನ್ನು ಡಯಾಫ್ರಾಂ ಎಂಬ ತೆಳುವಾದ ಪೊರೆ ನೋಡಿಕೊಳ್ಳುತ್ತದೆ. ಇಂತಹ ಪೊರೆಗಳು ಎರಡು. ಒಂದು, ಕ್ರಾಂಕ್ ಕೇಸಿನ ಗಾಳಿಯ ಮಿಡಿತದಿಂದ ಅದುರುತ್ತಾ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆಯುತ್ತದೆ. ಇನ್ನೊಂದು, ಚಿಕ್ಕ ಸನ್ನೆಯೊಂದರ ಮೂಲಕ ಸೂಜಿಯನ್ನೆತ್ತಿ ಬೇಕಾದಷ್ಟು ಇಂಧನವನ್ನು ಒಳಗೆ ಬಿಡುತ್ತದೆ. ಈ ಪೊರೆ ಗಟ್ಟಿಯಾದರೆ ಸೂಜಿ ಸರಿಯಾಗಿ ಏಳುವುದಿಲ್ಲ, ಎಂಜಿನ್ನಿಗೆ ಇಂಧನ ಸಾಲುವುದಿಲ್ಲ.

ಪೊರೆ ಗಟ್ಟಿಯಾಗಲು ಮುಖ್ಯ ಕಾರಣ ತಿಂಗಳುಗಟ್ಟಲೆ ಟ್ಯಾಂಕಿನಲ್ಲೇ ಉಳಿದ ಪೆಟ್ರೋಲ್. ಈಗ ಇದಕ್ಕೆ ಎಥನಾಲ್ ಕೂಡ ಸೇರಿದೆ. 2022ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇ. 10ಕ್ಕೆ ತಲುಪಿತು, ಶೇ. 20ರ ಮಿಶ್ರಣವನ್ನು 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಲಾಯಿತು. 2025ರ ವೇಳೆಗೆ ಬಹುತೇಕ ಬಂಕುಗಳಲ್ಲಿ ಅದೇ ದೊರೆಯತೊಡಗಿತು. ಅನೇಕ ಹಳೆಯ ಯಂತ್ರಗಳ ಕೈಪಿಡಿಗಳು ಶೇ. 10ಕ್ಕಿಂತ ಹೆಚ್ಚು ಎಥನಾಲನ್ನು ಒಪ್ಪುವುದಿಲ್ಲ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ತುಂಬಿದ ಕ್ಯಾನಿನ ಗತಿ ಏನಾಗುವುದೆಂದು ಹೇಳಬೇಕಾಗಿಲ್ಲ. ಇನ್ನೊಂದು ಅಂಶವನ್ನು ಹಲವರು ಗಮನಿಸಿಲ್ಲ. ಎಥನಾಲಿನಲ್ಲಿಯೇ ಆಮ್ಲಜನಕವಿರುವುದರಿಂದ ಹಿಂದಿನ ಪೆಟ್ರೋಲಿಗೆ ಸರಿಹೊಂದಿಸಿದ್ದ ಯಂತ್ರಕ್ಕೆ ಈಗಿನ ಮಿಶ್ರಣ ತೆಳುವಾಗುತ್ತದೆ.

ಯಂತ್ರವನ್ನು ಬಿಚ್ಚುವ ಮುನ್ನ ಹಳೆಯ ಇಂಧನವನ್ನು ಚೆಲ್ಲಿ, ಹೊಸದಾಗಿ ಕಲಸಿದ್ದನ್ನು ತುಂಬಿ ನೋಡಬೇಕು. ಎಣ್ಣೆಯ ಪ್ರಮಾಣ ಕೈಪಿಡಿಯಲ್ಲಿರುವಂತೆಯೇ ಇರಲಿ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ. ಏರ್ ಫಿಲ್ಟರನ್ನು ತೊಳೆದು ಒಣಗಿಸಿರಿ. ಟ್ಯಾಂಕಿನೊಳಗಿನ ಇಂಧನ ಫಿಲ್ಟರನ್ನು ಬಾಗಿಸಿದ ತಂತಿಯಿಂದ ಹೊರಗೆಳೆದು ನೋಡಿರಿ, ಪೈಪಿನಲ್ಲಿ ಬಿರುಕಿದೆಯೇ ಎಂದು ಬಾಗಿಸಿ ಪರೀಕ್ಷಿಸಿರಿ. ಹತ್ತು ನಿಮಿಷ ಚೆನ್ನಾಗಿ ನಡೆದು ಬಳಿಕ ನಿಲ್ಲುವ ಯಂತ್ರವಾದರೆ, ನಿಲ್ಲುತ್ತಿರುವಾಗ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಬೇಕು. ಕೂಡಲೇ ಚೇತರಿಸಿಕೊಂಡರೆ ಟ್ಯಾಂಕಿನ ಗಾಳಿರಂಧ್ರ ಕಟ್ಟಿದೆ, ಕಾರ್ಬ್ಯುರೇಟರಿನ ತಪ್ಪಿಲ್ಲ. ಸೈಲೆನ್ಸರಿನ ಜಾಲರಿಯಲ್ಲಿ ಮಸಿ ತುಂಬಿದ್ದರೂ ಎಂಜಿನ್ ವೇಗವೇರದು. ಇದನ್ನು ತಿಳಿಯದೆ ಕಾರ್ಬ್ಯುರೇಟರ್ ಬದಲಾಯಿಸಿದ ಉದಾಹರಣೆಗಳು ನಮ್ಮ ಮುಂದೆಯೇ ಇವೆ.

ಗಾಳಿ ಸೋರುವುದು ಹೆಚ್ಚು ಅಪಾಯಕಾರಿ. ಆಕ್ಸಿಲರೇಟರ್ ಬಿಟ್ಟ ಬಳಿಕವೂ ಎಂಜಿನ್ನಿನ ವೇಗ ತಕ್ಷಣ ಇಳಿಯದಿದ್ದರೆ, ಕಾರ್ಬ್ಯುರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಬೂಟು ಇಲ್ಲವೇ ಕ್ರಾಂಕಿನ ಸೀಲು ಒಡೆದಿರಬಹುದೆಂದು ಶಂಕಿಸಬೇಕು. ಅಂತಹ ಯಂತ್ರವನ್ನು ಸ್ಕ್ರೂ ತಿರುಗಿಸಿ ಸರಿಮಾಡಲು ಹೋಗಬಾರದು.

ಇವೆಲ್ಲವೂ ಸರಿಯಿದ್ದಲ್ಲಿ ಕಾರ್ಬ್ಯುರೇಟರನ್ನು ಬಿಚ್ಚಬಹುದು. ಪೊರೆಯನ್ನು ಬೆರಳಿನಿಂದ ಒತ್ತಿದಾಗ ಮೆತ್ತಗಿರಬೇಕು. ಕಾಗದದಂತೆ ಸದ್ದು ಮಾಡಿದರೆ ಕಿಟ್ ಬದಲಾಯಿಸಿರಿ. ಪೆಟ್ರೋಲ್ ಉಕ್ಕಿ ಪ್ಲಗ್ ತೋಯುತ್ತಿದ್ದರೆ ಸೂಜಿಯ ಕೆಳಗೆ ಕಸ ಕುಳಿತಿದೆ ಅಥವಾ ಸನ್ನೆಯ ಎತ್ತರ ಹೆಚ್ಚಾಗಿದೆ. ಜೋಡಿಸುವಾಗ ಆಗುವ ತಪ್ಪು ಒಂದೇ ಬಗೆಯದು. ಸಾಮಾನ್ಯವಾಗಿ ಅಳತೆಯ ಬದಿಯಲ್ಲಿ ಮೊದಲು ಗ್ಯಾಸ್ಕೆಟ್, ಅದರ ಮೇಲೆ ಪೊರೆ. ಪಂಪಿನ ಬದಿಯಲ್ಲಿ ಮೊದಲು ಪೊರೆ, ಅದರ ಮೇಲೆ ಗ್ಯಾಸ್ಕೆಟ್. ಇದು ಅದಲುಬದಲಾದರೆ ಹೊಸ ಕಿಟ್ಟೂ ಕೆಲಸ ಮಾಡದು. ರಂಧ್ರಗಳಿಗೆ ತಂತಿ ಚುಚ್ಚುವುದಾಗಲಿ, ಪೊರೆಗಳು ಒಳಗಿರುವಾಗ ಕಂಪ್ರೆಸರಿನ ಗಾಳಿ ಹಾಯಿಸುವುದಾಗಲಿ ಸಲ್ಲದು.

ಹೊಂದಾಣಿಕೆಯ ಸ್ಕ್ರೂಗಳು ಮೂರು: ನಿಧಾನಗತಿಗೆ ಎಲ್, ಪೂರ್ಣಗತಿಗೆ ಎಚ್, ಐಡಲಿಂಗಿಗೆ ಇನ್ನೊಂದು. (ಎಂ-ಟ್ರಾನಿಕ್, ಆಟೋಟ್ಯೂನ್ ಮಾದರಿಗಳಲ್ಲಿ ಎಲ್ ಮತ್ತು ಎಚ್ ಇರುವುದಿಲ್ಲ, ಆ ಕೆಲಸವನ್ನು ಎಲೆಕ್ಟ್ರಾನಿಕ್ ವ್ಯವಸ್ಥೆಯೇ ಮಾಡುತ್ತದೆ.) ಎಂಜಿನ್ ಬಿಸಿಯಾದ ನಂತರವೇ ಇವುಗಳನ್ನು ಮುಟ್ಟಬೇಕು. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ತಡವರಿಸಿದರೆ ಎಲ್ ಅನ್ನು ಸ್ವಲ್ಪ ಎಡಕ್ಕೆ ತಿರುಗಿಸಿರಿ, ಮಿಶ್ರಣ ಗಾಢವಾಗುತ್ತದೆ. ಐಡಲಿಂಗಿನಲ್ಲಿ ಚೈನು ತಿರುಗಲೇಬಾರದು. ತಿರುಗಿದರೆ ಐಡಲ್ ಸ್ಕ್ರೂವನ್ನು ಇಳಿಸಬೇಕು. ಇದು ಕಾರ್ಮಿಕರ ಕೈಕಾಲುಗಳ ಪ್ರಶ್ನೆ.

ಎಚ್ ಸ್ಕ್ರೂವಿನ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರಿಕೆ ಬೇಕು. ಬಲಕ್ಕೆ ತಿರುಗಿಸಿದಂತೆ ಯಂತ್ರ ಚುರುಕಾಗಿ ಕಿರುಚುತ್ತದೆ, ಗ್ರಾಹಕನೂ ಮೆಚ್ಚುತ್ತಾನೆ. ಆದರೆ ಈ ಎಂಜಿನ್ನಿನಲ್ಲಿ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲಿಯೇ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ, ಶಾಖ ಹೆಚ್ಚು. ಪಿಸ್ಟನ್ನಿನ ಮೈಮೇಲೆ ಗೆರೆಗಳೆದ್ದು ಸಿಲಿಂಡರ್ ಸಹ ಹಾಳಾಗುತ್ತದೆ. ಹೊರೆಯಿಲ್ಲದೆ ಪೂರ್ಣವೇಗದಲ್ಲಿ ಸದ್ದು ಕೊಂಚ ಒಡೆದಂತಿದ್ದು, ಮರಕ್ಕೆ ಇಳಿಸಿದೊಡನೆ ಶುದ್ಧವಾಗುವಂತಿರಬೇಕು. ಟ್ಯಾಕೋಮೀಟರ್ ಇಟ್ಟು, ಕೈಪಿಡಿಯಲ್ಲಿ ಹೇಳಿದ ಗರಿಷ್ಠ ವೇಗವನ್ನು ಮೀರದಂತೆ ನೋಡಿಕೊಳ್ಳುವುದೇ ಕ್ರಮ. ಬಿಡಿಭಾಗದ ವ್ಯಾಪಾರಿಗಳು ಈ ಉಪಕರಣವೊಂದನ್ನು ಅಂಗಡಿಯಲ್ಲಿಟ್ಟುಕೊಳ್ಳುವುದು ಒಳಿತೆಂಬುದು ನಮ್ಮ ಅಭಿಪ್ರಾಯ.

ದಾಸ್ತಾನಿನ ವಿಷಯದಲ್ಲಿಯೂ ಒಂದು ಮಾತು. ಸಂಪೂರ್ಣ ಕಾರ್ಬ್ಯುರೇಟರುಗಳಿಗಿಂತ ಆಯಾ ಮಾದರಿಯ ಡಯಾಫ್ರಾಂ ಕಿಟ್, ಇಂಧನ ಫಿಲ್ಟರ್ ಮತ್ತು ಪೈಪುಗಳಿಗೆ ಬೇಡಿಕೆ ಹೆಚ್ಚು, ಹಾಕುವ ಬಂಡವಾಳವೂ ಕಡಿಮೆ. ಕಿಟ್ ತರಿಸುವಾಗ ಯಂತ್ರದ ಹೆಸರಿಗಿಂತ ಕಾರ್ಬ್ಯುರೇಟರಿನ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ನೋಡಿರಿ. ಒಂದೇ ಮಾದರಿಯ ಯಂತ್ರಕ್ಕೆ ವಾಲ್‌ಬ್ರೋ ಹಾಗೂ ಜಾಮಾ ಎರಡೂ ಬಂದಿರಬಹುದು. ಕೆಲಸವಿಲ್ಲದ ತಿಂಗಳುಗಳಲ್ಲಿ ಟ್ಯಾಂಕನ್ನು ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ನಡೆಸಿ ಇಡುವಂತೆ ಪ್ರತಿ ಗ್ರಾಹಕನಿಗೂ ಮಾರಾಟದ ದಿನವೇ ತಿಳಿಸತಕ್ಕದ್ದು.