ಕೈಗಡಿಯಾರದ ನಾಡಿಪರೀಕ್ಷೆ

ಕೂಳೂರಿನಲ್ಲಿ ಫಲ್ಗುಣಿಯ ದಡದ ಮೇಲೆ ನಮ್ಮೊಡನೆ ಪ್ರಾತಃಸಂಚಾರಕ್ಕೆ ಬಂದಿದ್ದ ಮಿತ್ರರೊಬ್ಬರು ಈಚೆಗೆ ಒಮ್ಮೆಲೆ ಗಾಬರಿಗೊಂಡರು. ಅವರ ಕೈಗಡಿಯಾರವು ನಾಡಿ ನಿಮಿಷಕ್ಕೆ 118 ಎಂದು ತೋರಿಸಿತ್ತು. ಕೂಡಲೇ ಅವರನ್ನು ನಿಲ್ಲಿಸಿ, ಮಣಿಕಟ್ಟಿಗೆ ಬೆರಳಿಟ್ಟು ಎಣಿಸಿದೆವು, 90ನ್ನೂ ಮೀರಲಿಲ್ಲ. ಯಂತ್ರವು ಎಣಿಸಿದುದು ಹೃದಯದ ಬಡಿತವನ್ನಲ್ಲ, ಹೆಜ್ಜೆಗಳನ್ನೆಂದು ನಮಗೆ ತೋರಿತು.

ಇದರ ತತ್ತ್ವವು ಸರಳವಾದುದು. ಗಡಿಯಾರದ ತಳದಿಂದ ಹಸುರು ಬೆಳಕು ಚರ್ಮದೊಳಕ್ಕೆ ಹೋಗುತ್ತದೆ. ಪ್ರತಿ ಬಡಿತಕ್ಕೂ ರಕ್ತನಾಳ ತುಂಬಿದಾಗ ರಕ್ತವು ಹೆಚ್ಚು ಬೆಳಕನ್ನು ಹೀರುತ್ತದೆ. ಮರಳುವ ಬೆಳಕಿನ ಈ ಏರಿಳಿತವೇ ನಾಡಿಯ ಲೆಕ್ಕ. ಆದರೆ ಕೈ ಬೀಸಿದರೂ, ಪಟ್ಟಿ ಸಡಿಲವಾದರೂ ಬೆಳಕು ಏರಿಳಿಯುತ್ತದೆ. ಇದಕ್ಕಾಗಿಯೇ ನಿರ್ಮಾಪಕರು ಚಲನೆಯನ್ನಳೆಯುವ ಮತ್ತೊಂದು ಸಾಧನವನ್ನಿರಿಸಿ, ಅದರ ಪಾಲನ್ನು ಕಳೆಯುತ್ತಾರೆ. ಆದರೂ ಹೆಜ್ಜೆಯೂ ನಾಡಿಯೂ ಸಮೀಪದ ವೇಗದಲ್ಲಿದ್ದಾಗ ಲೆಕ್ಕವು ತಪ್ಪುವುದುಂಟು.

ಇದಕ್ಕಿಂತ ಗಂಭೀರವಾದ ವಿಷಯವೊಂದಿದೆ. ಚರ್ಮದ ಕಪ್ಪು ವರ್ಣದ್ರವ್ಯವೂ ಬೆಳಕನ್ನು ಹೀರುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಇದೇ ಕುಲದ ಯಂತ್ರ. ಅದು 92ರಿಂದ 96 ತೋರಿಸಿದಾಗಲೂ ರಕ್ತದ ಆಮ್ಲಜನಕವು ವಾಸ್ತವವಾಗಿ 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಕರಿಯರಲ್ಲಿ ಶೇಕಡಾ 11.7, ಬಿಳಿಯರಲ್ಲಿ 3.6 ಎಂದು ಅಮೆರಿಕದ ಮಿಶಿಗನ್ ವೈದ್ಯರು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಮರುವರ್ಷವೇ ಕೋವಿಡಿನ ಎರಡನೆಯ ಅಲೆಯಲ್ಲಿ ನಮ್ಮ ಮನೆಮನೆಗಳು ಆ ಪುಟ್ಟ ಯಂತ್ರವನ್ನೇ ನಂಬಿದ್ದುವು!

2021ರ ಜುಲಾಯಿಯಲ್ಲಿ ಕೇಂದ್ರ ಸರಕಾರವು ಆಕ್ಸಿಮೀಟರಿನ ವ್ಯಾಪಾರಲಾಭಕ್ಕೆ ಶೇಕಡಾ 70ರ ಮಿತಿ ಹಾಕಿದುದು ಸ್ತುತ್ಯ. ಆದರೆ ಅಗ್ಗದ ಸುಳ್ಳಿಗಿಂತ ಪರೀಕ್ಷಿತ ಸತ್ಯವೇ ಮೇಲು. ನಮ್ಮ ದೇಶದಲ್ಲಿ ಮಾರುವ ಇಂತಹ ಯಂತ್ರಗಳನ್ನು ನಮ್ಮ ಜನರ ನಾನಾ ಬಣ್ಣದ ಚರ್ಮದ ಮೇಲೆ, ನಮ್ಮ ಕರಾವಳಿಯ ಸೆಕೆ-ಬೆವರುಗಳಲ್ಲಿ ಪರೀಕ್ಷಿಸಿ, ತಪ್ಪಿನ ಪ್ರಮಾಣವನ್ನು ಪೆಟ್ಟಿಗೆಯ ಮೇಲೆಯೇ ಮುದ್ರಿಸಬೇಕು. ಬೆಳಕಿನ ಗುರುತು ಕೆಟ್ಟಾಗ ಯಂತ್ರವು ಅಂಕಿಯನ್ನು ಊಹಿಸದೆ, ‘ತಿಳಿಯದು’ ಎಂದು ಹೇಳಬೇಕು.

ವಾಚಕರು ಅಲ್ಲಿಯವರೆಗೆ ಐದು ನಿಮಿಷ ಕುಳಿತು, ಪಟ್ಟಿಯನ್ನು ಮಣಿಕಟ್ಟಿನ ಎಲುಬಿನಿಂದ ತುಸು ಮೇಲಕ್ಕೆ ಬಿಗಿದು, ಕೈ ಅಲುಗಿಸದೆ ನೋಡಲಿ. ಸಂಶಯವಿದ್ದರೆ ಬೆರಳಿಟ್ಟು ಪೂರ್ಣ ಒಂದು ನಿಮಿಷ ಎಣಿಸಲಿ. ಎದೆನೋವು ಯಾ ಉಸಿರಾಟದ ತೊಂದರೆ ಕಂಡರೆ ಮಾತ್ರ, ಗಡಿಯಾರವು ಏನೇ ಹೇಳಲಿ, ವೈದ್ಯರಲ್ಲಿಗೆ ಧಾವಿಸತಕ್ಕದ್ದು. ಯಂತ್ರವು ನಮ್ಮ ಸೇವಕನಾಗಿರಲಿ. ಸಾಕ್ಷಿಯಾಗಬೇಕಾದರೆ ಮೊದಲು ಪರೀಕ್ಷೆಗೆ ನಿಲ್ಲಲಿ.