ಇ-ಮೇಲ್ ಬರವಣಿಗೆಯೂ ಬೋಧನಾ ಕೌಶಲವೇ

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಂತೆ ಎರಡು ವರ್ಷದ ಬಿ.ಇಡಿ.ಯಲ್ಲಿ ಕನಿಷ್ಠ 20 ವಾರಗಳ ಶಾಲಾ ಇಂಟರ್ನ್‌ಶಿಪ್ ಇದೆ. ಆ ಅವಧಿಯಲ್ಲಿ ಪ್ರಶಿಕ್ಷಣಾರ್ಥಿ ಶಾಲೆಯಲ್ಲಿ, ಮಾರ್ಗದರ್ಶಕರು ಹೆಚ್ಚಾಗಿ ಕಾಲೇಜಿನಲ್ಲಿ. ಇಬ್ಬರ ನಡುವಿನ ಇ-ಮೇಲ್ ಅಸ್ಪಷ್ಟವಾದರೆ ಪಾಠಯೋಜನೆ ತಿದ್ದುಪಡಿಯಾಗದೆ ತರಗತಿಗೆ ಹೋಗುತ್ತದೆ, ನಷ್ಟ ಮಕ್ಕಳಿಗೆ.

ನನಗೆ ಬರುವ ಎಷ್ಟೋ ಇ-ಮೇಲ್‌ಗಳಲ್ಲಿ ವಿಷಯದ ಸಾಲು ಖಾಲಿ. ಒಳಗೆ ‘ಸರ್, ನೋಡಿ ತಿಳಿಸಿ’ ಎಂಬ ಒಂದೇ ವಾಕ್ಯ. ಯಾವ ತರಗತಿ, ಯಾವತ್ತಿನ ಪಾಠ, ಏನನ್ನು ನೋಡಬೇಕು ಎಂಬುದು ತಿಳಿಯುವುದಿಲ್ಲ. ಅದನ್ನೇ ಹೀಗೆ ಬರೆಯಬಹುದು:

ವಿಷಯ: 8ನೇ ತರಗತಿ ವಿಜ್ಞಾನ, ‘ಘರ್ಷಣೆ’ ಪಾಠಯೋಜನೆ – ಬುಧವಾರದೊಳಗೆ ಸಲಹೆ ಕೋರಿ

ಮಾನ್ಯರೇ,
ಗುರುವಾರ 3ನೇ ಅವಧಿಯಲ್ಲಿ ಈ ಪಾಠ ಮಾಡಲಿದ್ದೇನೆ. ಯೋಜನೆಯನ್ನು ಲಗತ್ತಿಸಿದ್ದೇನೆ. ಗುಂಪು ಚಟುವಟಿಕೆಗೆ 15 ನಿಮಿಷ ಇಟ್ಟಿದ್ದೇನೆ. 48 ಮಕ್ಕಳಿಗೆ ಅದು ಸಾಕಾಗುವುದೇ? ಬುಧವಾರ ಸಂಜೆ 5 ಗಂಟೆಯೊಳಗೆ ತಿಳಿಸಿದರೆ ಸಾಮಗ್ರಿ ಹೊಂದಿಸಿಕೊಳ್ಳುತ್ತೇನೆ.

ತರಗತಿಯಲ್ಲಿ ‘ಅರ್ಥವಾಯಿತೇ?’ ಎಂದರೆ ‘ಹೂಂ ಸರ್’ ಎಂಬ ಸಾಮೂಹಿಕ ಉತ್ತರವಷ್ಟೇ ಸಿಗುತ್ತದೆ. ‘ನೋಡಿ ತಿಳಿಸಿ’ ಎಂಬುದಕ್ಕೂ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ನಿರ್ದಿಷ್ಟ ಪ್ರಶ್ನೆಗೆ ಮಾತ್ರ ನಿರ್ದಿಷ್ಟ ಉತ್ತರ. ‘ವಿಷಯ’ ಎಂಬ ಸಾಲು ನಮಗೆ ಹೊಸದಲ್ಲ. ಶಾಲೆಯಲ್ಲಿ ಕಲಿತ ಮನವಿ ಪತ್ರದಲ್ಲೇ ಅದಿದೆ. ಆದರೆ ಆ ಪತ್ರದ ‘ತಮ್ಮಲ್ಲಿ ಸವಿನಯವಾಗಿ ಪ್ರಾರ್ಥಿಸುವುದೇನೆಂದರೆ’ ಎಂಬ ಪೀಠಿಕೆಯನ್ನು ಇಲ್ಲಿ ಬಿಡಬಹುದು. ಓದುವವರ ಸಮಯ ಉಳಿಸುವುದೂ ಗೌರವವೇ.

ಇನ್ನು ಕೆಲವು ಅಂಶಗಳು:

1. ಒಂದು ಇ-ಮೇಲ್‌ಗೆ ಒಂದೇ ವಿಷಯ. ರಜೆಯ ಕೋರಿಕೆ, ಪಾಠಯೋಜನೆ ಎರಡನ್ನೂ ಸೇರಿಸಿದರೆ ಒಂದಕ್ಕೆ ಉತ್ತರ ಬಂದು ಇನ್ನೊಂದು ಉಳಿದುಬಿಡುತ್ತದೆ.

2. ಕ್ರಮ ಕೈಗೊಳ್ಳಬೇಕಾದವರ ವಿಳಾಸ ‘ಟು’ನಲ್ಲಿ, ಮಾಹಿತಿಗಾಗಿ ಮಾತ್ರ ತಿಳಿಯಬೇಕಾದವರದು ‘ಸಿಸಿ’ಯಲ್ಲಿ.

3. ಕನ್ನಡವನ್ನು ಯೂನಿಕೋಡ್‌ನಲ್ಲೇ ಬೆರಳಚ್ಚಿಸಿ. ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಸಿದ್ಧಪಡಿಸಿದ ಕಡತ, ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಹಳೆಯ ಕಡತವಾದರೆ ಪಿಡಿಎಫ್ ಮಾಡಿ ಕಳಿಸಿ.

4. ಕಡತಕ್ಕೆ ಬರೀ ‘ಪಾಠಯೋಜನೆ’ ಎಂದು ಹೆಸರಿಡಬೇಡಿ. ನಿಮ್ಮ ಹೆಸರು, ತರಗತಿ, ದಿನಾಂಕ ಅದರಲ್ಲಿರಲಿ.

5. ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂಬಿ. ಪಾಠದ ವಿಡಿಯೊ ಅದಕ್ಕಿಂತ ದೊಡ್ಡದಿದ್ದರೆ ಡ್ರೈವ್ ಕೊಂಡಿ ಕಳಿಸಿ. ಮಾರ್ಗದರ್ಶಕರಿಗೆ ನೋಡುವ ಅನುಮತಿ ಕೊಟ್ಟಿದ್ದೀರಾ ಎಂದು ಪರೀಕ್ಷಿಸಿ.

ವೇಳಾಪಟ್ಟಿ ಅದೇ ದಿನ ಬದಲಾದರೆ ಇ-ಮೇಲ್ ನಂಬಿ ಕೂರಬೇಡಿ, ಫೋನ್ ಮಾಡಿ. ವೀಕ್ಷಣೆಗೆ ಬಸ್ಸು ಹತ್ತಿದ ಮಾರ್ಗದರ್ಶಕರು ಅದನ್ನು ನೋಡುವಷ್ಟರಲ್ಲಿ ಅವಧಿಯೇ ಮುಗಿದಿರಬಹುದು.