ದ್ವಾರಪಾಲಕನನ್ನು ದಾಟಿದ ಅಣು

ದಿನಕ್ಕೊಂದು ಬಾರಿ ಮಾತ್ರೆ ನುಂಗಿ ರಕ್ತದ ಅರ್ಬುದವನ್ನು ವರ್ಷಗಟ್ಟಲೆ ಹತೋಟಿಯಲ್ಲಿಡಬಹುದೆಂದು ಅರ್ಧ ಶತಮಾನದ ಹಿಂದೆ ಹೇಳಿದ್ದರೆ ನಂಬುವವರು ವಿರಳ. ಕ್ರಾನಿಕ್ ಮೈಲಾಯ್ಡ್ ಲ್ಯುಕೀಮಿಯ ಎಂಬ ರೋಗದ ಮಟ್ಟಿಗೆ ಅದು ನಿಜವಾದದ್ದು 2001ರಲ್ಲಿ, ಅಮೆರಿಕವು ಇಮಾಟಿನಿಬ್ ಔಷಧಕ್ಕೆ ಅನುಮತಿ ನೀಡಿದಾಗ. ಕೆಲವು ರೋಗಿಗಳಲ್ಲಿ ಆ ಮಾತ್ರೆ ಏಕೆ ಸೋಲುತ್ತದೆಂಬುದೂ ಅದೇ ವರ್ಷ ಬೆಳಕಿಗೆ ಬಂತು.

ಈ ರೋಗದಲ್ಲಿ 9 ಮತ್ತು 22ನೆಯ ವರ್ಣತಂತುಗಳ ತುಣುಕುಗಳು ಅದಲುಬದಲಾಗಿರುತ್ತವೆಂದು ಷಿಕಾಗೋದ ಜಾನೆಟ್ ರೌಲಿ 1973ರಲ್ಲಿ ತೋರಿಸಿಕೊಟ್ಟರು. ಹೀಗೆ ಬೆಸೆದುಕೊಂಡ ಜೀನಿನಿಂದ ಹುಟ್ಟುವ ಕಿಣ್ವವು ಬಿಳಿ ರಕ್ತಕಣಗಳಿಗೆ ಬೆಳೆಯಿರೆಂದು ಎಡೆಬಿಡದೆ ಆಜ್ಞಾಪಿಸುತ್ತದೆ. ಆ ಕಿಣ್ವದಲ್ಲಿ ಎಟಿಪಿ ಎಂಬ ಶಕ್ತಿದಾಯಕ ಅಣು ಕೂರುವ ಗೂಡೊಂದುಂಟು. ಇಮಾಟಿನಿಬ್ ಅದನ್ನು ಆಕ್ರಮಿಸಿ ಆಜ್ಞೆಯನ್ನು ತಡೆಯುತ್ತದೆ.

ಗೂಡಿನ ಒಳಮೂಲೆಗೆ ಹೋಗುವ ದಾರಿಯಲ್ಲಿ, 315ನೆಯ ಸ್ಥಾನದಲ್ಲಿ, ಥ್ರಿಯೊನೀನ್ ಎಂಬ ಅಮೈನೋ ಆಮ್ಲವಿದೆ. ವಿಜ್ಞಾನಿಗಳು ಅದನ್ನು ದ್ವಾರಪಾಲಕನೆಂದೇ ಕರೆಯುತ್ತಾರೆ. ಔಷಧವು ಅದರೊಡನೆ ಜಲಜನಕದ ಬಂಧವೊಂದನ್ನು ಕಟ್ಟಿಕೊಂಡು ನೆಲೆನಿಲ್ಲುತ್ತದೆ. ಜೀನಿನ ಒಂದೇ ಅಕ್ಷರ ಬದಲಾಗಿ ಅಲ್ಲಿಗೆ ಐಸೊಲ್ಯೂಸೀನ್ ಬಂದರೆ ಕೇಡು ಎರಡು ಬಗೆ: ಹಿಡಿದುಕೊಳ್ಳಲು ಬಂಧವಿಲ್ಲ, ಮೇಲಾಗಿ ಅದರ ದಪ್ಪ ಮೈ ದಾರಿಗೆ ಅಡ್ಡ. ಹೊರಭಾಗದಲ್ಲಿ ಕೂರುವ ಎಟಿಪಿಗೆ ಮಾತ್ರ ಯಾವ ತೊಂದರೆಯೂ ಇಲ್ಲ! ಔಷಧವು ಉಳಿದ ಕೋಶಗಳನ್ನು ಅಳಿಸಿದಂತೆಲ್ಲ ಈ ಕೋಶಗಳ ಸಂತತಿ ಹೆಚ್ಚುತ್ತದೆ. ಹತ್ತಿಯ ಹೊಲದಲ್ಲಿ ಮದ್ದಿಗೆ ಜಗ್ಗದ ಹುಳುವೇ ಉಳಿದು ಬೆಳೆಯುವುದಿಲ್ಲವೆ, ಹಾಗೆ. 2006ರ ಡಾಸಾಟಿನಿಬ್, 2007ರ ನಿಲೋಟಿನಿಬ್ ಬೇರೆ ಹಲವು ಮಾರ್ಪಾಡುಗಳನ್ನು ಗೆದ್ದರೂ ಈ ದ್ವಾರಪಾಲಕನೆದುರು ಸೋತವು.

ರಸಾಯನಜ್ಞರ ಜಾಣ್ಮೆಗೆ ತಲೆದೂಗಬೇಕಾದದ್ದು ಇಲ್ಲಿಯೇ. ಪೊನಾಟಿನಿಬ್ ಅಣುವನ್ನು ರಚಿಸುವಾಗ, ದ್ವಾರಪಾಲಕನ ಮಗ್ಗುಲಲ್ಲಿ ಹಾಯಬೇಕಾದ ಎಡೆಯಲ್ಲಿ ಎರಡು ಇಂಗಾಲದ ಪರಮಾಣುಗಳನ್ನು ತ್ರಿಬಂಧದಿಂದ ಜೋಡಿಸಿದರು. ಅಂತಹ ಜೋಡಣೆ ನೇರವಾದುದು, ತೆಳುವಾದುದು, ಇಕ್ಕಟ್ಟಿನಲ್ಲಿಯೂ ನುಸುಳುತ್ತದೆ. 2012ರಲ್ಲಿ ಬಂದ ಈ ಔಷಧವು ನಿರಪಾಯಕಾರಿಯೇನಲ್ಲ. ರಕ್ತನಾಳಗಳು ಕಟ್ಟಿಕೊಳ್ಳುವುದನ್ನು ಕಂಡು 2013ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಅದರ ಮಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. 2021ರ ಅಸಿಮಿನಿಬ್ ಆ ಗೂಡಿನ ಗೊಡವೆಗೇ ಹೋಗದೆ, ದೂರದ ಇನ್ನೊಂದು ಕುಳಿಯಲ್ಲಿ ಕುಳಿತು ಕಿಣ್ವವನ್ನು ನಿಷ್ಕ್ರಿಯ ಭಂಗಿಗೆ ಮಡಿಸುತ್ತದೆ. ಸಾಮಾನ್ಯವಾಗಿ ದಿನಕ್ಕೆ 80 ಮಿಲಿಗ್ರಾಂ ಸಾಕು. ದ್ವಾರಪಾಲಕ ಬದಲಾದವರಿಗೆ 400 ಬೇಕು.

ಆದುದರಿಂದ ಮೊದಲ ಮಾತ್ರೆ ನಾಟದಾದಾಗ ರೋಗಿಯ ಮನೆಯವರು ಕೈಚೆಲ್ಲಬೇಕಾಗಿಲ್ಲ. ಮಾತ್ರೆಗಳನ್ನು ನಡುನಡುವೆ ಬಿಟ್ಟದ್ದುಂಟೆ ಎಂದು ಮೊದಲು ನೋಡಿಕೊಳ್ಳಲಿ. ಬಳಿಕ, ಜೀನಿನಲ್ಲಿ ಯಾವ ಸ್ಥಾನ ಬದಲಾಗಿದೆಯೆಂಬ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಲಿ. ಮುಂದಿನ ಮಾತ್ರೆ ಯಾವುದೆಂಬುದು ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ.